ಕಾವು ಬಿಡಿಸುವ ತಂತಿಗೂಡು: ಕಾವಿಗೆ ಕೂತ ಕೋಳಿಗೆ ಮಾತ್ರ ತಕ್ಕ ಸಾಧನ

ಹಿತ್ತಲಿನಲ್ಲಿ ನಾಲ್ಕಾರು ಹೇಂಟೆಗಳನ್ನು ಸಾಕುವವರಿಗೆಂದೇ ಈಗ ಮಡಚಿಡಬಹುದಾದ ತಂತಿಗೂಡುಗಳು ಮಾರಾಟಕ್ಕೆ ಬಂದಿವೆ. ಕಾವಿಗೆ ಕೂತು ಮೊಟ್ಟೆಯಿಡುವುದನ್ನು ನಿಲ್ಲಿಸಿದ ಕೋಳಿಯನ್ನು ಕೆಲವು ದಿನ ಇದರೊಳಗೆ ಇಟ್ಟರೆ ಕಾವು ಬಿಟ್ಟು ಮತ್ತೆ ಮೊದಲಿನಂತಾಗುತ್ತದೆ ಎಂಬುದು ತಯಾರಕರ ಭರವಸೆ. ಅಂಥದೊಂದು ಗೂಡನ್ನು ಬೇರೆ ಬೇರೆ ತಳಿಯ ಕೋಳಿಗಳಿಗೆ, ಬೇಸಿಗೆಯಲ್ಲೂ ತಂಪು ಹೊತ್ತಿನಲ್ಲೂ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಭರವಸೆ ಸುಳ್ಳಲ್ಲ, ಗೂಡು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಇದು ಸಿಡುಕುವ, ಮಂಕಾದ, ಗುಂಪಿನಿಂದ ದೂರ ಉಳಿಯುವ ಕೋಳಿಗಳಿಗೆಲ್ಲ ಪರಿಹಾರ ಎಂದು ಅಚ್ಚು ಹಾಕಿರುವುದನ್ನು ನಾನು ಒಪ್ಪುವುದಿಲ್ಲ. ಇದು ಒಂದೇ ಒಂದು ಸ್ಥಿತಿಗಾಗಿ ಮಾಡಿದ ಸಾಧನ. ಆ ಸ್ಥಿತಿ ಯಾವುದೆಂದು ಗುರುತಿಸಲು ಬಾರದವರ ಕೈಯಲ್ಲಿ ಇದರಿಂದ ಕೋಳಿಗೆ ಹಾನಿಯಾಗುವ ಸಂಭವವೇ ಹೆಚ್ಚು.

ಮೊದಲು ಗೂಡಿನ ಕಟ್ಟಡವನ್ನು ನೋಡೋಣ. ಸತು ಲೇಪಿಸಿದ ಬೆಸುಗೆ ಜಾಲರಿಯ ಆರು ಹಲಗೆಗಳನ್ನು ಕೊಂಡಿಗಳಿಂದ ಜೋಡಿಸಿ ನಿಲ್ಲಿಸಬೇಕು. ಸಾಧಾರಣ ಗಾತ್ರದ ಒಂದು ಹೇಂಟೆ ನಿಂತು, ರೆಕ್ಕೆ ಬಿಚ್ಚಿ, ಸುತ್ತ ತಿರುಗುವಷ್ಟು ಜಾಗವಿದೆ. ಬಾಗಿಲು ಅಗಲವಾಗಿರುವುದರಿಂದ ಪ್ರತಿಭಟಿಸುವ ಕೋಳಿಯನ್ನು ರೆಕ್ಕೆಗೆ ಪೆಟ್ಟಾಗದಂತೆ ಒಳಗೆ ಬಿಡಬಹುದು. ನೆಲದ ಜಾಲರಿಯ ಕಿಂಡಿಗಳು ಹಿಕ್ಕೆ ಕೆಳಗೆ ಬೀಳುವಷ್ಟು ದೊಡ್ಡವು, ಪಾದ ತೂರಿ ಸಿಕ್ಕಿಕೊಳ್ಳದಷ್ಟು ಚಿಕ್ಕವು. ಈ ಅಳತೆಯನ್ನು ತಯಾರಕರು ಯೋಚಿಸಿಯೇ ಇಟ್ಟಿದ್ದಾರೆ. ತಂತಿಯ ತುದಿಗಳನ್ನು ಎಲ್ಲ ಕಡೆಯೂ ಒಳಮಡಚಿ ನುಣುಪು ಮಾಡಿದ್ದಾರೆ. ಕಾಳಿನ ಬಟ್ಟಲು ಮತ್ತು ನೀರಿನ ಬಟ್ಟಲು ಹೊರಗಿನಿಂದಲೇ ತೆಗೆದು ಹಾಕುವಂತಿವೆ. ಜಾಲರಿ ತಳದ ಗೂಡಿಗೆ ಬೇಕಾದ ಎತ್ತರವನ್ನು ಕೊಡುವ ಕಾಲುಗಳೂ ಇವೆ. ಕೊಂಡಿಗಳು ಮಾತ್ರ ಸ್ವಲ್ಪ ಸಡಿಲ. ನಾಯಿಯೋ ಮುಂಗುಸಿಯೋ ಓಡಾಡುವ ಜಾಗದಲ್ಲಿ ಈ ಗೂಡನ್ನು ರಾತ್ರಿ ಹೊರಗೆ ಬಿಡಬಾರದು. ಕೊಟ್ಟಿಗೆಯ ಒಳಗಿಡಬೇಕು, ಇಲ್ಲವೇ ಬಾಗಿಲಿಗೆ ಬೇರೆ ಚಿಲಕ ಹಾಕಬೇಕು.

ಇಷ್ಟು ಸರಳವಾದ ಗೂಡು ಅಷ್ಟು ಹಟಮಾರಿಯಾದ ಪ್ರವೃತ್ತಿಯನ್ನು ಹೇಗೆ ಮುರಿಯುತ್ತದೆ ಎಂದು ತಿಳಿಯಬೇಕಾದರೆ ಕೋಳಿಯ ಮೈಯೊಳಗೆ ನಡೆಯುವುದನ್ನು ಅರಿಯಬೇಕು. ಹೊತ್ತು ಉದ್ದವಾಗುವ ಕಾಲ, ಬೆಚ್ಚನೆಯ ಹವೆ, ಮಬ್ಬುಗತ್ತಲಿನ ಮೊಟ್ಟೆಪೆಟ್ಟಿಗೆ ಮತ್ತು ಅದರಲ್ಲಿ ತೆಗೆಯದೆ ಉಳಿದ ಮೊಟ್ಟೆಗಳು, ಇವೆಲ್ಲ ಸೇರಿದಾಗ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸ್ರವಿಸತೊಡಗುತ್ತದೆ. ಅದರ ಮಟ್ಟ ಏರಿದಂತೆ ಮೊಟ್ಟೆ ಬಿಡುಗಡೆಗೆ ಕಾರಣವಾದ ಲ್ಯೂಟಿನೈಸಿಂಗ್ ಹಾರ್ಮೋನು ಇಳಿಯುತ್ತದೆ, ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ. ಎದೆ ಮತ್ತು ಹೊಟ್ಟೆಯ ಮೇಲಿನ ಪುಕ್ಕ ಉದುರಿ ಬರಿಚರ್ಮ ಕಾಣಿಸುತ್ತದೆ. ಅಲ್ಲಿಗೆ ರಕ್ತದ ಹರಿವು ಹೆಚ್ಚಾಗಿ ಚರ್ಮ ದಪ್ಪಗಾಗುತ್ತದೆ. ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುವ ತನ್ನ ಮೈಶಾಖವನ್ನು ಕೋಳಿಯು ಮೊಟ್ಟೆಗೆ ದಾಟಿಸುವುದು ಈ ಚರ್ಮದ ಮೂಲಕವೇ. ಈ ದಾರಿ ಎರಡು ಕಡೆಗೂ ತೆರೆದಿದೆ. ಗೂಡಿನ ಮತ್ತು ಮೊಟ್ಟೆಯ ಸ್ಪರ್ಶ ಆ ಬರಿಚರ್ಮಕ್ಕೆ ತಾಗುತ್ತಲೇ ಇರುವವರೆಗೆ ಮಿದುಳಿಗೆ ಸುದ್ದಿ ಹೋಗುತ್ತಲೇ ಇರುತ್ತದೆ, ಪ್ರೊಲ್ಯಾಕ್ಟಿನ್ ಇಳಿಯುವುದಿಲ್ಲ. ಮೊಟ್ಟೆಗಳನ್ನೆಲ್ಲ ತೆಗೆದ ಮೇಲೂ ಎಷ್ಟೋ ಹೇಂಟೆಗಳು ಬರಿಯ ಹುಲ್ಲಿನ ಮೇಲೆ ವಾರಗಟ್ಟಲೆ ಕೂರುವುದು ಇದರಿಂದಲೇ.

ತಂತಿಗೂಡು ಈ ಸರಪಳಿಯನ್ನು ಸ್ಪರ್ಶದ ಕೊಂಡಿಯಲ್ಲಿ ಕತ್ತರಿಸುತ್ತದೆ. ಕೋಳಿ ಕೂತರೂ ಹೊಟ್ಟೆಯ ಕೆಳಗೆ ಹುಲ್ಲಿಲ್ಲ, ಗುಳಿಯಿಲ್ಲ, ಮೂಲೆಯ ಕತ್ತಲಿಲ್ಲ. ಕೆಳಗಿನಿಂದ ಗಾಳಿ ಬೀಸುತ್ತಲೇ ಇರುತ್ತದೆ. ಗೂಡಿನ ಭಾವವೇ ಹುಟ್ಟದಿದ್ದಾಗ ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಕಾವಿನ ಆರಂಭದಲ್ಲೇ ಗೂಡಿಗೆ ಹಾಕಿದ ಕೋಳಿ ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ಕಾವು ಬಿಡುತ್ತದೆ. ಒಂದು ವಾರ ಗಮನಿಸದೆ ಬಿಟ್ಟ ಕೋಳಿಗೆ ಇನ್ನೂ ಹೆಚ್ಚು ದಿನ ಬೇಕಾಗುತ್ತದೆ. ಮೊಟ್ಟೆ ಮತ್ತೆ ಬರಲು ಅಲ್ಲಿಂದಾಚೆಗೆ ಒಂದೆರಡು ವಾರ, ಕೆಲವೊಮ್ಮೆ ಮೂರು ವಾರವೂ ಹಿಡಿಯುತ್ತದೆ, ಏಕೆಂದರೆ ಕುಗ್ಗಿದ ಅಂಡಾಶಯ ಮತ್ತೆ ಬೆಳೆದುಕೊಳ್ಳಬೇಕು. ಗೂಡಿನಿಂದ ಹೊರಬಂದ ಮರುದಿನವೇ ಮೊಟ್ಟೆ ಸಿಗಲಿಲ್ಲವೆಂದು ಸಾಧನವನ್ನು ದೂರುವುದು ಸರಿಯಲ್ಲ.

ಈ ವಸ್ತುವಿನ ದೊಡ್ಡ ದೋಷವೂ ಇದೇ ತತ್ತ್ವಕ್ಕೆ ಸಂಬಂಧಿಸಿದ್ದು. ಹಿಕ್ಕೆ ಹಿಡಿಯಲೆಂದು ಜಾಲರಿಯ ಕೆಳಗೆ, ಬೆರಳೆರಡು ಅಂತರದಲ್ಲಿ, ಒಂದು ಪ್ಲಾಸ್ಟಿಕ್ ತಟ್ಟೆಯನ್ನು ತೂರಿಸಿಡುವ ವ್ಯವಸ್ಥೆ ಮಾಡಿದ್ದಾರೆ. ನೋಡಲು ಅಚ್ಚುಕಟ್ಟು, ತೊಳೆಯಲು ಸುಲಭ. ಆದರೆ ಆ ತಟ್ಟೆ ಇದ್ದಾಗ ಕೆಳಗಿನಿಂದ ಗಾಳಿ ಬರುವ ದಾರಿಯೇ ಮುಚ್ಚಿಹೋಗುತ್ತದೆ. ತಟ್ಟೆ ಹಾಕಿದ ಗೂಡಿನಲ್ಲಿ ಕೋಳಿ ರೆಕ್ಕೆ ಹರಡಿ ಚಪ್ಪಟೆಯಾಗಿ ಕೂತೇ ಇತ್ತು. ಅದು ಎದ್ದೊಡನೆ ಕೆಳಗೆ ಕೈಯಿಟ್ಟು ನೋಡಿದರೆ ಜಾಲರಿಯೂ ತಟ್ಟೆಯೂ ಬೆಚ್ಚಗಿದ್ದವು. ತಟ್ಟೆಯನ್ನು ತೆಗೆದು, ನೆಲದ ಮೇಲೆ ಹಳೆಯ ಕಾಗದ ಹರಡಿ, ಗೂಡನ್ನು ಇಟ್ಟಿಗೆಗಳ ಮೇಲೆ ಏರಿಸಿ ಇನ್ನಷ್ಟು ಎತ್ತರ ಮಾಡಿದಾಗ ಅದೇ ಕೋಳಿ ಎದ್ದು ನಿಲ್ಲತೊಡಗಿತು, ಕಾಳಿನತ್ತ ಹೋಯಿತು, ನೆರೆಯ ಕೋಳಿಗಳತ್ತ ಕತ್ತು ಚಾಚಿತು. ಶುಚಿತ್ವದ ಹೆಸರಿನಲ್ಲಿ ಗೂಡಿನ ಮುಖ್ಯ ಗುಣವನ್ನೇ ಹಾಳುಮಾಡುವ ಈ ತಟ್ಟೆಯನ್ನು ತಯಾರಕರು ಮುಂದಿನ ಮಾದರಿಯಲ್ಲಿ ಕೈಬಿಡಬೇಕು, ಇಲ್ಲವೇ ಕಾಲುಗಳ ಬುಡಕ್ಕೆ ಇಳಿಸಬೇಕು.

ಇನ್ನು ಕೈಪಿಡಿಯ ವಿಷಯ. ಅದು ಕೇವಲ ಎರಡು ಪುಟದ್ದು, ಮತ್ತು ಅದರಲ್ಲಿ ಕಾವಿನ ಲಕ್ಷಣಗಳಿಗೆಂದು ಮೀಸಲಿಟ್ಟಿರುವುದು ಒಂದೇ ಸಾಲು: ಕೋಳಿ ಪೆಟ್ಟಿಗೆ ಬಿಟ್ಟು ಏಳದಿದ್ದರೆ, ಮುಟ್ಟಲು ಬಿಡದಿದ್ದರೆ, ಅದನ್ನು ಗೂಡಿಗೆ ಹಾಕಿ. ಹೇಂಟೆಯೊಂದು ಏಳದಿರುವುದಕ್ಕೂ ಮುಟ್ಟಲು ಬಿಡದಿರುವುದಕ್ಕೂ ಬೇರೆ ಕಾರಣಗಳು ಎಷ್ಟೋ ಇರುವಾಗ ಇಷ್ಟು ಸಾಲದು. ಗೂಡನ್ನು ಕೊಳ್ಳುವವರು ಕೈಪಿಡಿಯ ಬದಲು ಕೋಳಿಯನ್ನೇ ಓದಲು ಕಲಿಯಬೇಕು ಎಂಬ ಕಾರಣಕ್ಕೆ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಿಜವಾಗಿ ಕಾವಿಗೆ ಕೂತ ಹೇಂಟೆಯ ಲಕ್ಷಣಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕೈ ಹತ್ತಿರ ಹೋದೊಡನೆ ಅದು ಮೈಯ ಪುಕ್ಕವನ್ನೆಲ್ಲ ಉಬ್ಬಿಸಿ ಎರಡು ಪಟ್ಟು ದಪ್ಪಗೆ ಕಾಣಿಸುತ್ತದೆ, ಗಂಟಲಿನಾಳದಿಂದ ಗುರುಗುಟ್ಟುತ್ತದೆ, ಕೊಕ್ಕಿನಿಂದ ಕುಕ್ಕುತ್ತದೆ. ಪೆಟ್ಟಿಗೆಯಿಂದ ಎತ್ತಿ ಅಂಗಳದಲ್ಲಿ ಬಿಟ್ಟರೆ ಕೆಲ ಕ್ಷಣ ಬಿಟ್ಟ ಜಾಗದಲ್ಲೇ ಚಪ್ಪಟೆಯಾಗಿ ಕೂತಿದ್ದು, ಆಮೇಲೆ ಎಚ್ಚರವಾದಂತೆ ಎದ್ದು, ಕ್ಲಕ್ ಕ್ಲಕ್ ಎಂದು ಬಿಡದೆ ಸದ್ದು ಮಾಡುತ್ತಾ, ಬಾಲವನ್ನು ಬೀಸಣಿಗೆಯಂತೆ ಹರಡಿಕೊಂಡು ಓಡಾಡುತ್ತದೆ. ದಿನಕ್ಕೆ ಒಂದೆರಡು ಸಲ ಮಾತ್ರ ತಾನಾಗಿ ಹೊರಬಂದು, ಅರ್ಧ ಗಂಟೆಯೊಳಗೆ ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ, ದೊಡ್ಡದಾದ, ತೀರಾ ದುರ್ವಾಸನೆಯ ಒಂದು ಹಿಕ್ಕೆ ಹಾಕಿ ಓಡುತ್ತಾ ಹಿಂತಿರುಗುತ್ತದೆ. ಗೂಡು ಹೊಲಸಾಗದಿರಲೆಂದು ಅದು ಗಂಟೆಗಟ್ಟಲೆ ಹಿಕ್ಕೆಯನ್ನು ತಡೆಹಿಡಿದಿರುತ್ತದೆ. ರಾತ್ರಿ ಉಳಿದ ಕೋಳಿಗಳೆಲ್ಲ ಅಡ್ಡಕೋಲು ಏರಿದಾಗ ಇದು ಮೊಟ್ಟೆಪೆಟ್ಟಿಗೆಯಲ್ಲೇ ಉಳಿಯುತ್ತದೆ. ಒಂದೇ ಲಕ್ಷಣವನ್ನು ಆಧರಿಸಿ ತೀರ್ಮಾನಿಸಬೇಕಾದರೆ ನಾನು ಆರಿಸಿಕೊಳ್ಳುವುದು ಈ ಕೊನೆಯದನ್ನೇ. ಎರಡು ರಾತ್ರಿ ಸತತವಾಗಿ ಪೆಟ್ಟಿಗೆಯಲ್ಲಿ ಕಳೆದು, ಹೊಟ್ಟೆಯ ಕೆಳಗೆ ಕೈ ತೂರಿಸಿದಾಗ ಬರಿಚರ್ಮ ಬಿಸಿಯಾಗಿ ತಾಗಿದರೆ ಅನುಮಾನಕ್ಕೆ ಎಡೆಯಿಲ್ಲ.

ಈ ಸಿಡುಕನ್ನು ಕೆಟ್ಟ ಸ್ವಭಾವವೆಂದು ಕರೆಯುವುದು ನನಗೆ ನೋವು ತರುತ್ತದೆ. ನಿನ್ನೆಯವರೆಗೆ ಕೈಯಿಂದ ಕಾಳು ತಿನ್ನುತ್ತಿದ್ದ ಹೇಂಟೆ ಇವತ್ತು ಕುಕ್ಕುತ್ತಿದ್ದರೆ ಅದು ನಮ್ಮ ಮೇಲಿನ ಹಗೆಯಲ್ಲ. ಹೊಟ್ಟೆಯ ಕೆಳಗಿರುವುದನ್ನು 21 ದಿನ ಕಾಯಬೇಕೆಂದು ಅದರ ಮೈ ಅದಕ್ಕೆ ಹೇಳುತ್ತಿದೆ, ಅಷ್ಟೇ. ತಾಯಿಕೋಳಿಯ ಮನಸ್ಸು ಎಷ್ಟು ಸೂಕ್ಷ್ಮವೆಂಬುದಕ್ಕೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ಸಾಕ್ಷಿ. ಮರಿಗಳ ಗರಿಯ ಮೇಲೆ ಗಾಳಿ ಊದಿ ಸ್ವಲ್ಪ ಕಿರಿಕಿರಿ ಮಾಡಿದಾಗ ಅದನ್ನು ನೋಡುತ್ತಿದ್ದ ತಾಯಿಯ ಎದೆಬಡಿತ ಏರಿತು, ಕಣ್ಣಿನ ಸುತ್ತಲಿನ ಶಾಖ ಇಳಿಯಿತು, ಅದು ಕೊಕ್ಕಿನಿಂದ ಗರಿ ತೀಡಿಕೊಳ್ಳುವುದನ್ನು ಕಡಿಮೆ ಮಾಡಿ ಎಚ್ಚರದಿಂದ ನಿಂತು ಮರಿಗಳನ್ನು ಕರೆಯತೊಡಗಿತು. ಇಂಥ ಪ್ರಾಣಿಯನ್ನು ಕಾವು ಬಿಡಿಸಲೆಂದು ತಣ್ಣೀರಿನಲ್ಲಿ ಅದ್ದುವ ಹಳೆಯ ಪದ್ಧತಿ ಈಗಲೂ ಕೆಲವೆಡೆ ಉಳಿದಿದೆ. ಅದರಿಂದ ಕೋಳಿಗೆ ಗಾಬರಿಯೂ ಶೀತವೂ ಆಗುತ್ತವೆ. ಪುಕ್ಕ ಒಣಗುತ್ತಿದ್ದಂತೆ ಅದು ಮತ್ತೆ ಪೆಟ್ಟಿಗೆಗೆ ಓಡುತ್ತದೆ. ಆ ಪದ್ಧತಿಯ ಎದುರು ಈ ತಂತಿಗೂಡು ಎಷ್ಟೋ ಪಾಲು ದಯೆಯುಳ್ಳದ್ದು ಎಂಬುದನ್ನು ಒಪ್ಪಲೇಬೇಕು.

ಆದರೆ ಗೂಡಿಗೆ ಹಾಕಲೇಬಾರದ ಕೋಳಿಗಳೂ ಇವೆ. ಅವುಗಳಲ್ಲಿ ಮೊದಲನೆಯದು ಮೊಟ್ಟೆ ಒಳಗೆ ಸಿಕ್ಕಿಕೊಂಡ ಹೇಂಟೆ. ಅದೂ ಪೆಟ್ಟಿಗೆಗೆ ಹೋಗಿ ಕೂರುತ್ತದೆ, ಮಂಕಾಗಿರುತ್ತದೆ, ತಿನ್ನುವುದಿಲ್ಲ. ಆದರೆ ಅದು ಪುಕ್ಕ ಉಬ್ಬಿಸಿ ಗುರುಗುಟ್ಟುವುದಿಲ್ಲ; ಬಾಲ ಇಳಿಬಿಟ್ಟು, ಮೈಯನ್ನು ನೆಟ್ಟಗೆ ನಿಲ್ಲಿಸಿ, ಕಾಲುಗಳನ್ನು ಅಗಲಿಸಿ, ತಿಣುಕುತ್ತಾ ಪೆಟ್ಟಿಗೆಯ ಒಳಗೂ ಹೊರಗೂ ಓಡಾಡುತ್ತದೆ. ಅದಕ್ಕೆ ಬೇಕಾದದ್ದು ಬೆಚ್ಚನೆಯ ಜಾಗ ಮತ್ತು ತಡಮಾಡದ ಪಶುವೈದ್ಯರ ನೆರವು. ತಂತಿಯ ಮೇಲೆ ಗಾಳಿಗೆ ಒಡ್ಡಿದರೆ ಅದರ ಪ್ರಾಣಕ್ಕೇ ಅಪಾಯ.

ಗರಿ ಉದುರಿಸುವ ಕಾಲದ ಕೋಳಿಯೂ ಇದೇ ರೀತಿ ದಾರಿ ತಪ್ಪಿಸುತ್ತದೆ. ಅದು ಗುಂಪಿನಿಂದ ದೂರ ನಿಲ್ಲುತ್ತದೆ, ಮೊಟ್ಟೆ ನಿಲ್ಲಿಸುತ್ತದೆ, ಮುಟ್ಟಿದರೆ ಕಿರುಚುತ್ತದೆ. ಹೊಸದಾಗಿ ಮೂಡುತ್ತಿರುವ ಗರಿಯ ಬುಡದಲ್ಲಿ ರಕ್ತ ತುಂಬಿರುವುದರಿಂದ ಮುಟ್ಟಿದರೆ ನೋಯುತ್ತದೆ. ಅದರ ಮುನಿಸಿಗೆ ಕಾರಣ ಅದು. ಕಾವಿನ ಕೋಳಿಗೆ ಹೊಟ್ಟೆಯ ಪುಕ್ಕ ಮಾತ್ರ ಹೋಗಿರುತ್ತದೆ. ಗರಿ ಬದಲಿಸುವ ಕೋಳಿಯಲ್ಲಿ ಉದುರುವಿಕೆ ತಲೆ ಮತ್ತು ಕತ್ತಿನಿಂದ ಆರಂಭವಾಗಿ ಹಿಂದಕ್ಕೆ ಸಾಗುತ್ತದೆ. ಅದಕ್ಕೆ ಕೊಡಬೇಕಾದ್ದು ಪ್ರೋಟೀನು ಹೆಚ್ಚಿರುವ ಆಹಾರ ಮತ್ತು ಎರಡು ಮೂರು ತಿಂಗಳ ತಾಳ್ಮೆ.

ಇನ್ನೊಂದು ಬಗೆಯ ಕೋಳಿ ಪೆಟ್ಟಿಗೆಯಲ್ಲಿ ಅಡಗಿ ಕೂರುವುದು ಭಯದಿಂದ. ಕೋಳಿಗಳ ನಡುವೆ ಕುಕ್ಕುವವರು ಯಾರು, ಕುಕ್ಕಿಸಿಕೊಳ್ಳುವವರು ಯಾರು ಎಂಬ ಮೇಲುಕೀಳಿನ ಕ್ರಮವಿದೆಯೆಂದು ನಾರ್ವೆಯ ಥೋರ್ಲೈಫ್ ಶೆಲ್ಡರುಪ್ ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದ್ದರು. ಗುಂಪಿಗೆ ಹೊಸ ಕೋಳಿ ಬಂದಾಗ ಅಥವಾ ಹಳೆಯದೊಂದು ಸತ್ತಾಗ ಈ ಕ್ರಮ ಅಲುಗಾಡುತ್ತದೆ, ಕೆಳಗಿನ ಹೇಂಟೆಗೆ ಕಾಳಿನ ಬಳಿ ಜಾಗ ಸಿಗುವುದಿಲ್ಲ. ಅದು ಪೆಟ್ಟಿಗೆಯಲ್ಲಿ ಕೂತಿದ್ದರೂ ಕೈ ಹೋದಾಗ ಕುಕ್ಕುವುದಿಲ್ಲ, ಮೈ ಕುಗ್ಗಿಸಿಕೊಳ್ಳುತ್ತದೆ. ಅಂಥದ್ದನ್ನು ಗೂಡಿಗೆ ಹಾಕಿ ಬೇರ್ಪಡಿಸಿದರೆ ಹೊರಬಂದಾಗ ಅದರ ಸ್ಥಾನ ಇನ್ನೂ ಕೆಳಗಿಳಿದಿರುತ್ತದೆ. ಕಾಳಿನ ಬಟ್ಟಲನ್ನು ಇನ್ನೊಂದು ಕಡೆಗೂ ಇಡುವುದು ಅದಕ್ಕೆ ಹೆಚ್ಚು ಉಪಕಾರ. ಕೆಂಪುಹೇನಿನ ಕಾಟವಿದ್ದರೆ ರಾತ್ರಿ ಕೊಟ್ಟಿಗೆಗೆ ಹೋಗಲೊಪ್ಪದೆ ಇಡೀ ಗುಂಪೇ ಸಿಡುಕುತ್ತದೆ. ಒಂದು ಕೋಳಿಗೆ ಮಾತ್ರ ಬರುವ ಕಾವಿನಿಂದ ಇದನ್ನು ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಮೊದಲ ಮೊಟ್ಟೆಗೆ ಮುಂಚೆ ಎಳೆಯ ಹೇಂಟೆಗಳು ತೋರುವ ಚಡಪಡಿಕೆಗಂತೂ ಯಾವ ಉಪಚಾರವೂ ಬೇಡ.

ಕಾವೆಂದು ಖಚಿತವಾದ ಮೇಲೆ ಗೂಡನ್ನು ಎಲ್ಲಿಡಬೇಕು ಎಂಬುದು ಬಹಳ ಮುಖ್ಯ. ಉಳಿದ ಕೋಳಿಗಳು ಕಾಣುವ, ನೆರಳಿರುವ, ಬೆಳಕು ಧಾರಾಳವಾಗಿರುವ ಜಾಗ ಬೇಕು. ಗುಂಪಿನ ಕಣ್ಣೆದುರೇ ಇದ್ದರೆ ಹಿಂತಿರುಗಿದಾಗ ಅದನ್ನು ಅಪರಿಚಿತಳೆಂದು ಕುಕ್ಕಿ ಓಡಿಸುವುದು ಕಡಿಮೆ. ಗೂಡಿನೊಳಗೆ ಹುಲ್ಲು, ಗೋಣಿ, ಬಟ್ಟೆ ಯಾವುದನ್ನೂ ಹಾಕಬಾರದು. ಪಾಪವೆನಿಸಿ ಒಂದು ತುಂಡು ಗೋಣಿ ಹಾಸಿದರೂ ಕೋಳಿ ಅದನ್ನೇ ಗೂಡು ಮಾಡಿಕೊಳ್ಳುತ್ತದೆ. ಕಾಳು ಮತ್ತು ನೀರನ್ನು ಮಾತ್ರ ಎಂದೂ ಕಡಿಮೆ ಮಾಡಬಾರದು. ಹಸಿವಿನಿಂದ ಕಾವು ಬಿಡಿಸುವ ಸಲಹೆ ಕೆಲವರ ಬಾಯಲ್ಲಿ ಕೇಳಿಬರುತ್ತದೆ. ಕಾವಿನಲ್ಲಿ ಈಗಾಗಲೇ ಅರೆಹೊಟ್ಟೆಯಲ್ಲಿದ್ದು ತೂಕ ಕಳೆದುಕೊಂಡು, ಜುಟ್ಟು ಬಿಳಿಚಿಕೊಂಡಿರುವ ಪ್ರಾಣಿಗೆ ಅದು ಕ್ರೂರವಾದ ಸಲಹೆ. ಗೂಡಿನೊಂದಿಗೆ ಬಂದಿರುವ ನೀರಿನ ಬಟ್ಟಲು ಬಿಸಿಲುಗಾಲಕ್ಕೆ ಚಿಕ್ಕದು. ನಾನು ಅದರ ಜಾಗದಲ್ಲಿ ಆಳವಾದ ಮಗ್ಗನ್ನು ತಂತಿಯಿಂದ ಕಟ್ಟಿದ್ದೇನೆ.

ಕಾವು ಬಿಟ್ಟಿದೆಯೇ ಎಂದು ತಿಳಿಯಲು ಬಾಗಿಲು ತೆರೆದು, ದೂರ ನಿಂತು, ಕೋಳಿ ಎಲ್ಲಿಗೆ ಹೋಗುತ್ತದೆಂದು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಅದು ಗುಂಪಿನತ್ತ ಹೋಗಿ ಕೆದಕತೊಡಗಿ, ಸಂಜೆ ಅಡ್ಡಕೋಲು ಏರಿದರೆ ಕಾವು ಹೋಗಿದೆ. ಮೊದಲು ಮಣ್ಣಿನಲ್ಲಿ ಹೊರಳಿ, ನಾಲ್ಕು ಕಾಳು ಹೆಕ್ಕಿ, ಯಾರೂ ನೋಡುತ್ತಿಲ್ಲವೆಂಬಂತೆ ಪೆಟ್ಟಿಗೆಯತ್ತ ಜಾರಿದರೆ ಇನ್ನೊಂದು ದಿನ ಬೇಕು. ಕೈಪಿಡಿ ಹೇಳುವಂತೆ ದಿನ ಎಣಿಸಿ ಹತ್ತನೆಯ ದಿನ ಬಾಗಿಲು ತೆರೆಯುವುದನ್ನು ಖಂಡಿತ ಮಾಡಬಾರದು. ಬರಿಯ ತಂತಿಯ ಮೇಲೆ ಅಷ್ಟು ದಿನ ನಿಂತರೆ ಪಾದದ ಅಡಿ ಸವೆದು ಹುಣ್ಣಾಗಬಹುದು, ಮೈಭಾರದ ತಳಿಗಳಿಗಂತೂ ಅದು ಬೇಗ ಆಗುತ್ತದೆ. ಕೊಚಿನ್, ಬ್ರಹ್ಮಾದಂಥ ಪಾದದ ಮೇಲೆ ಗರಿಯಿರುವ ಕೋಳಿಗಳ ಗರಿ ಕಿಂಡಿಗೆ ಸಿಕ್ಕಿ ಕೀಳುವ ಸಾಧ್ಯತೆಯೂ ಉಂಟು. ರಾತ್ರಿಯ ಹೊತ್ತು ಕೂರಲು ಒಂದು ಅಗಲವಾದ ಮರದ ಪಟ್ಟಿಯನ್ನು ಅಡ್ಡಕ್ಕೆ ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಪಟ್ಟಿಯ ಎರಡೂ ಬದಿಯಿಂದ ಗಾಳಿ ಬರುತ್ತಲೇ ಇರುವುದರಿಂದ ಕಾವು ಬಿಡುವುದೇನೂ ನಿಧಾನವಾಗುವುದಿಲ್ಲ. ಇಂಥ ಪಟ್ಟಿಯನ್ನು ಗೂಡಿನ ಜೊತೆಗೇ ಕೊಡಬೇಕಿತ್ತು.

ಯಾರು ಕೊಳ್ಳಬೇಕು ಎಂಬುದು ಸಾಕಿರುವ ತಳಿಯನ್ನು ಅವಲಂಬಿಸಿದೆ. ಸಿಲ್ಕಿ, ಕೊಚಿನ್, ಆರ್ಪಿಂಗ್ಟನ್ ಮೊದಲಾದವು ವರ್ಷದಲ್ಲಿ ಮತ್ತೆ ಮತ್ತೆ ಕಾವಿಗೆ ಕೂರುವಂಥವು. ಅವುಗಳನ್ನು ಸಾಕುವವರಿಗೆ ಗೂಡು ನಿಜವಾದ ಉಪಯೋಗಕ್ಕೆ ಬರುತ್ತದೆ. ಲೆಗಾರ್ನ್‌ನಂತಹ, ಹೆಚ್ಚು ಮೊಟ್ಟೆಗೆಂದು ಆಯ್ದು ಬೆಳೆಸಿದ ತಳಿಗಳಲ್ಲಿ ಕಾವು ಅಪರೂಪ. ಹುಂಜವಿದ್ದು, ಮರಿಗಳಿಗೆ ಜಾಗವೂ ಇದ್ದರೆ ಕಾವು ಬಿಡಿಸುವ ಮಾತೇ ಬೇಡ. ಫಲಿತ ಮೊಟ್ಟೆಗಳನ್ನು ರಾತ್ರಿ ಹೊಟ್ಟೆಯ ಕೆಳಗೆ ಇಟ್ಟು, ಪಕ್ಕದಲ್ಲೇ ಕಾಳು ನೀರು ಇರಿಸಿ, ಬೇರೆ ಕೋಳಿಗಳು ಬಂದು ಅದೇ ಪೆಟ್ಟಿಗೆಯಲ್ಲಿ ಮೊಟ್ಟೆಯಿಡದಂತೆ ಬೇರೆ ಕೋಣೆ ಮಾಡಿಕೊಟ್ಟರೆ 21 ದಿನಗಳ ಕೆಲಸವನ್ನು ಅದು ಯಾವ ಯಂತ್ರಕ್ಕಿಂತಲೂ ಚೆನ್ನಾಗಿ ಮಾಡುತ್ತದೆ. ಫಲಿತವಲ್ಲದ ಮೊಟ್ಟೆಯ ಮೇಲೋ ಬರಿಯ ಹುಲ್ಲಿನ ಮೇಲೋ ಕೂತ ಕೋಳಿಗೆ ಆ 21 ದಿನದ ಕೊನೆಯೂ ಇಲ್ಲ. ಮರಿಯ ಸದ್ದು ಕೇಳದ ಕಾರಣ ಅದು ಇನ್ನೂ ಎಷ್ಟೋ ದಿನ ಕೂತು ಸೊರಗುತ್ತದೆ, ಹೇನು ಹತ್ತಿಸಿಕೊಳ್ಳುತ್ತದೆ. ಗೂಡು ಬೇಕಾಗುವುದು ಇಂಥವುಗಳಿಗಾಗಿಯೇ.

ಜಾಲರಿ ತಳದ ಹಳೆಯ ಮೊಲದ ಗೂಡೋ ದೊಡ್ಡ ಪಂಜರವೋ ಮನೆಯಲ್ಲಿದ್ದರೆ ಅದನ್ನು ಇಟ್ಟಿಗೆಗಳ ಮೇಲೆ ಏರಿಸಿದರೂ ಫಲ ಒಂದೇ. ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಇಲ್ಲದವರು ಇದನ್ನು ಕೊಳ್ಳಬಹುದು. ಕೊಂಡ ದಿನವೇ ತಟ್ಟೆಯನ್ನು ತೆಗೆದಿಟ್ಟು, ಕೊಂಡಿಗಳನ್ನು ಇಕ್ಕುಳದಿಂದ ಬಿಗಿ ಮಾಡಬೇಕು. ಬಳಕೆ ಮುಗಿದ ಮೇಲೆ ಪ್ರತಿ ಸಲವೂ ಜಾಲರಿಯನ್ನು ಬಿಸಿನೀರಿನಿಂದ ತಿಕ್ಕಿ ಬಿಸಿಲಿನಲ್ಲಿ ಒಣಗಿಸದಿದ್ದರೆ ಬೆಸುಗೆಯ ಸಂದುಗಳಲ್ಲಿ ಹಿಕ್ಕೆ ಗಟ್ಟಿಯಾಗಿ ಸತುವಿನ ಲೇಪ ಅಲ್ಲಿಂದಲೇ ಏಳತೊಡಗುತ್ತದೆ. ನನ್ನ ಗೂಡಿನ ಬಾಗಿಲಿನ ಕೆಳ ಅಂಚಿನಲ್ಲಿ ಅಂಥ ತುಕ್ಕಿನ ಗುರುತು ಈಗಾಗಲೇ ಕಾಣಿಸಿಕೊಂಡಿದೆ.